ಶಕಟರೇಫ

ಮುದರಂಗಡಿ ಡೈರಿಯ ದರದ ಹಲಗೆಯಲ್ಲಿ,
ಫ್ಯಾಟು ನಾಲ್ಕು ಪಾಯಿಂಟ್ ಎರಡರ ಕೆಳಗೆ,
ರಿಟೈರ್ಡ್ ಕನ್ನಡ ಪಂಡಿತರು ನನ್ನ ಸೀಮೆಸುಣ್ಣ ಕಸಿದು
ಒಂದಕ್ಷರ ಬರೆದರು: ಱ.
ತರುವುದು ಅರ್ಧ ಲೀಟರು, ನಿಲ್ಲುವುದು ಒಂದು ಗಂಟೆ.

"ಇದಿದ್ದಾಗ, ಮಾರಾಯ್ತಿ,
ಹೆಸರು ಹಿಡಿದು ಕೂಗುವುದು ಕರೆ,
ಹಾಲು ಹಿಂಡುವುದು ಕಱೆ.
ಬಟ್ಟೆಗೆ ಹತ್ತುವ ಕಲೆಯೂ ಕಱೆಯೇ.
ಶಕಟರೇಫ ಅಂತ ಹೆಸರು. ಶಕಟ ಅಂದರೆ ಬಂಡಿ.
ಬಂಡಿ ಹೋಯಿತು,
ಸಾಮಾನೆಲ್ಲ ಬಡಪಾಯಿ ರಕಾರದ ತಲೆಮೇಲೆ."

ನನಗೆ ಬಂಡಿ ಕಾಣಲಿಲ್ಲ.
ಕುಕ್ಕರಗಾಲಲ್ಲಿ ಕೂತ ಯಾರದೋ ಎರಡು ಮೊಣಕಾಲು,
ನಡುವೆ ಇರುಕಿದ ಚೆಂಬು.
ಹಿಂದಿನ ಕ್ಯಾನಿನವರು ಗೊಣಗಿದರು. ಒರೆಸಿದೆ.
ಅರ್ಧ ಉಳಿಯಿತು.

ನಮ್ಮ ಕಡೆ ಕರೆಗೆ ಇನ್ನೂ ಬೇಕಾದಷ್ಟು ಕೆಲಸ:
ಪಡುಬಿದ್ರಿಯಲ್ಲಿ ಕಡಲ ಕರೆ,
ಕೋಣ ಓಡುವ ಕೆಸರಿನ ಜೋಡುಕರೆ,
ಮತ್ತೆ ಇವತ್ತು ವಾರಿಜಕ್ಕನ ಮೊಬೈಲಿನಲ್ಲಿ
ಹನ್ನೊಂದು ತಪ್ಪಿದ ಕರೆ.

ಮೂಡುಬಿದಿರೆಯ ಫೆಲಿಕ್ಸ್ ಮೆಂಡೋನ್ಸರದ್ದು.
ಮೊನ್ನೆ ಬೊಳ್ಳಿಯನ್ನು ಕೊಂಡವರು.
ಹಿಂಡಿ ಇಟ್ಟಾಯಿತು, ಕೆಚ್ಚಲಿಗೆ ಬಿಸಿನೀರಾಯಿತು,
ಮೆಷಿನ್ನೂ ಹಾಕಿ ನೋಡಿದರಂತೆ. ಸೊರ ಬಿಡುವುದಿಲ್ಲ.

"ಕರೆದಿರಾ?" ಕೇಳಿದಳು ವಾರಿಜಕ್ಕ.
"ಅದೇ ಅಲ್ಲವಾ ಹೇಳುವುದು, ಕರೆಯಲಿಕ್ಕೆ ಆಗುವುದಿಲ್ಲ."
"ಅದಲ್ಲ ಮಾರಾಯ್ರೆ. ಕರೆದಿರಾ?"

ಲೈನಿನಲ್ಲಿ ಸ್ವಲ್ಪ ಹೊತ್ತು ಬರೀ ನೊಣದ ಸದ್ದು.
"ಫೋನು ಅದರ ಕಿವಿಗೆ ಹಿಡಿಯಿರಿ."

ಎಲ್ಲರ ಎದುರು, ನನ್ನ ಕೌಂಟರಿಗೆ ಮೊಣಕೈ ಊರಿ,
ಜಾಡಿಯಲ್ಲಿ ಲ್ಯಾಕ್ಟೋಮೀಟರು ಇನ್ನೂ ತೂಗಾಡುತ್ತಿರುವಾಗ,
ಅವಳು ಕಣ್ಣು ಮುಚ್ಚಿ
"ಬಲ ಬೊಳ್ಳೀ... ಬಲಾ..."

ಆ ಕಡೆ ಏನಾಯಿತೋ ಕಾಣಲಿಲ್ಲ.
ಬಾಲ್ದಿಯ ತಳಕ್ಕೆ ಮೊದಲ ಧಾರೆ ಟಣ್ಣೆಂದದ್ದು ಕೇಳಿತು,
ಆಮೇಲೆ ನೊರೆಯೊಳಗೆ ಸದ್ದು ಮೆತ್ತಗಾದದ್ದು.

ಪಂಡಿತರು ಬಾಯಿ ತೆರೆದರು, ಹಾಗೆಯೇ ಮುಚ್ಚಿದರು.
"ಇವರು ದಿನಾ ಕರೆಯಲಿಕ್ಕೆ ನಾನು ದಿನಾ ಕರೆಯಬೇಕಾ?
ರೀಚಾರ್ಜು ಯಾರ ಅಪ್ಪ ಹಾಕುವುದು?"
ಸಾಲಿಡೀ ನಗು.
ಅವಳೂ ನಕ್ಕಳು, ಫೋನಿನ ಗಾಜನ್ನು ಸೆರಗಿಗೆ ಉಜ್ಜುತ್ತ,
ಉಜ್ಜುತ್ತಲೇ ಇದ್ದಳು.

ಖಾತೆ ಮುಚ್ಚಲೆಂದು ತಂದ ಪಾಸ್‌ಬುಕ್ಕು
ಕೌಂಟರಿನ ಮೇಲಿತ್ತು, ನಾನು ಇನ್ನೂ ಮುಟ್ಟಿರಲಿಲ್ಲ.
"ನಾಳೆ ಬರ್ತೇನೆ" ಅಂದಳು,
ಖಾಲಿ ಕ್ಯಾನಿನೊಳಗೆ ಅದನ್ನು ಹಾಕಿಕೊಂಡು.