ಕಾಗೆಬಂಡೆಯಿಂದ ಇಳಿದದ್ದು

ವಾರದ ಆರು ದಿನ ನಾನು ಗಾಳಿಯಂತ್ರದ ಹೊಟ್ಟೆಯೊಳಗೆ
ಏಣಿ ಹತ್ತುತ್ತೇನೆ, ಸೊಂಟಕ್ಕೆ ಹಗ್ಗ, ಜೇಬಲ್ಲಿ ಸ್ಪ್ಯಾನರು.
ಎಂಬತ್ತು ಮೀಟರು ಮೇಲೆ, ಒಂದು ಡಬ್ಬಿಯಲ್ಲಿ,
ಗ್ರೀಸಿನ ವಾಸನೆಯಲ್ಲಿ ಕೂತು
ಗಾಳಿಯನ್ನು ಅಂಕಿಯಲ್ಲಿ ಓದುತ್ತೇನೆ.
ಭಾನುವಾರ ಮಾತ್ರ ಅದನ್ನು ಕೆನ್ನೆಯಲ್ಲಿ ಓದುವುದು.

ಚಿತ್ರದುರ್ಗದಿಂದ ಹಿರಿಯೂರಿನ ಕಡೆ, ಹೆದ್ದಾರಿ ಬಿಟ್ಟು
ಎಡಕ್ಕೆ ಹೊರಳಿದರೆ ಕಾಗೆಬಂಡೆ.
ಮರವಿಲ್ಲ. ಬಾದೆ ಹುಲ್ಲು, ಜಾಲಿ, ಕರಿಕಲ್ಲು.
ಹದಿನೆಂಟು ಕೇಜಿ ಬಟ್ಟೆ ಹೊತ್ತು ಕತ್ತಲಲ್ಲೇ ಹತ್ತಬೇಕು,
ಬಂಡೆ ಕಾಯುವ ಮೊದಲೇ ಇಳಿಯಬೇಕು.
ಹತ್ತು ಗಂಟೆಯ ಮೇಲೆ ಈ ಕಲ್ಲು ರೊಟ್ಟಿಯ ಹಂಚು,
ಬಿಸಿಗಾಳಿ ಎತ್ತಿ ಎಸೆಯುತ್ತದೆ, ಕೇಳಿ ಎಸೆಯುವುದಿಲ್ಲ.

ಕಲಿಸಿದವರು ದಾವಣಗೆರೆಯ ದಸ್ತಗೀರ್ ಮಾಸ್ತರು.
ಮಿಲ್ಲು ಮುಚ್ಚಿದ ಮೇಲೆ ಹೊಲಿಗೆ ಯಂತ್ರ ಇಟ್ಟುಕೊಂಡು
ಡೇರೆ, ಛತ್ರಿ, ಲಾರಿಯ ಟಾರ್ಪಾಲು,
ಕೊನೆಗೆ ಯಾರೋ ತಂದ ಹರಿದ ರೆಕ್ಕೆಯೊಂದನ್ನು ಹೊಲಿದು
"ಹೊಲಿದವನೇ ಹಾರಿ ನೋಡದಿದ್ದರೆ ಗ್ಯಾರಂಟಿ ಏನು" ಅಂತ
ಐವತ್ತರಲ್ಲಿ ಹಾರಲು ಕಲಿತವರು.
ಹೇಳಿದ್ದು ಬಹಳವಲ್ಲ:
ಗಾಳಿಗೆ ಮುಖವಿದೆ. ಎದುರು ನಿಂತು ಮಾತಾಡು.
ಗುಡ್ಡ ದಾಟಿದ ಮೇಲೆ ಅದರ ಬೆನ್ನ ಹಿಂದೆ ಹೋಗಬೇಡ,
ಒದೆಯುವ ಎಮ್ಮೆಯ ಹಿಂದೆ ಯಾರಾದರೂ ಚೊಂಬು ಹಿಡಿಯುತ್ತಾರೇನು?

ಮೂರು ಭಾನುವಾರ ಹತ್ತಿ, ಮೂರು ಭಾನುವಾರ
ಅದೇ ಬಟ್ಟೆ ಹೊತ್ತು ನಡೆದೇ ಇಳಿದೆ.
ಒಂದು ಸಲ ಮಂಜು. ಒಂದು ಸಲ ಗಾಳಿ ಪಡುವಣದಿಂದ,
ಯಂತ್ರಗಳ ಸಾಲಲ್ಲಿ ಸೀಳಿಸಿಕೊಂಡು ಬಂದದ್ದು.
ಮೂರನೆಯ ಸಲ ಎಲ್ಲವೂ ಸರಿಯಿತ್ತು,
ನನ್ನ ಮೊಣಕಾಲು ಮಾತ್ರ ನಡುಗುತ್ತಿತ್ತು.
ಮಾಸ್ತರಿಗೆ ಫೋನಿನಲ್ಲಿ ಹೇಳಿದೆ.
"ಅದೂ ಹವಾಮಾನವೇ" ಅಂದರು.

ಕಾರ್ತಿಕದ ಈ ಬೆಳಿಗ್ಗೆ ಮೂಡಗಾಳಿ.
ಹುಲ್ಲು ಒಂದೇ ಕಡೆಗೆ ಬಾಗಿದೆ. ಕಡ್ಡಿಗೆ ಕಟ್ಟಿದ ಕೆಂಪು ರಿಬ್ಬನ್ನು
ಜೋಲು ಬೀಳದೆ, ಚಟಪಟ ಅನ್ನದೆ, ತೇಲುತ್ತಿದೆ.
ತೊಡೆಯ ಕೊಂಡಿ, ಇನ್ನೊಂದು ತೊಡೆ, ಎದೆ,
ಹೆಲ್ಮೆಟ್ಟಿನ ಪಟ್ಟಿ, ಆಪತ್ತಿನ ಛತ್ರಿಯ ಪಿನ್ನು:
ಬಾಯಿಬಿಟ್ಟು ಹೇಳಿ, ಬೆರಳಲ್ಲಿ ಮುಟ್ಟಿ,
ಮತ್ತೆ ಮೊದಲಿಂದ, ಏಕೆಂದರೆ ನಡುವೆ
ಕೆಂಬೂತವೊಂದು ಕೂಗಿ ಲೆಕ್ಕ ತಪ್ಪಿತು.

ಹೆಜ್ಜೆ, ಹೆಜ್ಜೆ, ಓಟ,
ಆಮೇಲೆ ಕಾಲಿಗೆ ಕೆಲಸವಿಲ್ಲ.

ದೂರ ಕೋಟೆಯ ಬಂಡೆಗಳು,
ಯಾರೋ ಕಲ್ಲಾಟ ಅರ್ಧಕ್ಕೆ ಬಿಟ್ಟು ಎದ್ದುಹೋದ ಹಾಗೆ.
ಇನ್ನೊಂದು ದಿಕ್ಕಲ್ಲಿ ಮಾರಿಕಣಿವೆಯ ನೀರು, ಒಂದು ತಗಡಿನ ಚೂರು.
ನನ್ನ ಯಂತ್ರ, ಹದಿನಾಲ್ಕನೆಯದು, ಬಿಳಿ ಕೈ ಬೀಸುತ್ತಿತ್ತು;
ನಾನು ಬೀಸಲಿಲ್ಲ. ಎರಡೂ ಕೈಯಲ್ಲಿ ಬ್ರೇಕಿನ ಹಿಡಿ.
ನಿಜ ಹೇಳಬೇಕೆಂದರೆ ನೋಡಿದ್ದು ಕಡಿಮೆ, ಅಳೆದದ್ದೇ ಹೆಚ್ಚು:
ಕರೆಂಟಿನ ತಂತಿ ಎಷ್ಟು ದೂರ, ಹೊಗೆ ಯಾವ ಕಡೆಗೆ,
ಇಳಿಯಲು ಖಾಲಿ ಹೊಲ ಯಾವುದು.

ಸಿಕ್ಕಿದ್ದು ಈರುಳ್ಳಿ ಕಿತ್ತ ಹೊಲ. ಗಡ್ಡೆ ಸಾಲುಸಾಲು ಒಣಗುತ್ತಿತ್ತು.
ಎರಡು ಸಾಲಿನ ನಡುವೆ ಕಾಲೂರಿ ನಿಂತೆ,
ಬಟ್ಟೆ ಹಿಂದೆ ನಿಧಾನ ಮಲಗಿತು.
ಒಂದು ಗಡ್ಡೆಯೂ ಜಜ್ಜಲಿಲ್ಲ, ನಾನೂ.

ಪಾಲಕ್ಕ ಅನ್ನುವಾಕೆ ಕುಡುಗೋಲು ಹಿಡಿದೇ ಬಂದಳು.
ಸಾಲು ಒಮ್ಮೆ ಕಣ್ಣಲ್ಲೇ ಎಣಿಸಿದಳು.
ಹೆದರಿಕೆ ಆಗಲ್ಲವಾ, ಇದಕ್ಕೆ ಎಷ್ಟು ದುಡ್ಡು, ಏನೂ ಕೇಳಲಿಲ್ಲ.
"ಮ್ಯಾಲಿಂದ ನನ್ ಮೇಕೆ ಏನಾರ ಕಣ್ತೇನಪ್ಪ?
ಕಂದು ಬಣ್ಣ, ಒಂದ್ ಕಿವಿ ಬಿಳೇದು. ನಿನ್ನೆ ಸಂಜಿಂದ ಇಲ್ಲ."

ಏಳುನೂರು ಅಡಿಯಿಂದ ಅಷ್ಟೆಲ್ಲ ಅಳೆದವನಿಗೆ
ಒಂದು ಮೇಕೆ ಕಂಡಿರಲಿಲ್ಲ.
ಹಾಗನ್ನಲು ನಾಚಿಕೆಯಾಗಿ
ಕಣ್ಣು ಮುಚ್ಚಿ ಮತ್ತೊಮ್ಮೆ ಹಾರಿದೆ, ಈ ಸಲ ನಿಧಾನ:
ಹುಲ್ಲು, ಜಾಲಿ, ಒಡೆದ ಕಟ್ಟೆ, ಹಳೆಯ ಗಣಿಯ ಹೊಂಡ,
ಹೊಂಡದಂಚಿಗೆ ಕಂದು ಏನೋ ಒಂದಿತ್ತು. ಕಲ್ಲೂ ಇರಬಹುದು.

"ಇರಬೌದು ಅಂದ್ರೆ ಸಾಕು" ಅಂದು ಹೊರಟೇಬಿಟ್ಟಳು.
ರೆಕ್ಕೆ ಮಡಿಸಿ ಅವಳ ಗುಡಿಸಲಲ್ಲಿಟ್ಟು
ಹಗ್ಗವೊಂದನ್ನು ಹೆಗಲಿಗೆ ಹಾಕಿ ನಾನೂ ಹಿಂದೆ ಹತ್ತಿದೆ,
ಅದೇ ಗುಡ್ಡ, ಕಾಯುತ್ತಿದ್ದ ಬಂಡೆ.

ಹೊಂಡ ಇನ್ನೂ ದೂರವಿರುವಾಗಲೇ ಪಾಲಕ್ಕ ನಿಂತಳು.
ಒಂದು ಚಿಟಿಕೆ ಮಣ್ಣು ಎತ್ತಿ, ಬಿಟ್ಟು, ನೋಡಿ,
ಗಾಳಿಗೆ ಬೆನ್ನು ಕೊಟ್ಟು
ಎರಡೂ ಕೈ ಬಾಯಿಗೆ ಹಿಡಿದು ಕೂಗಿದಳು.
ದನಿ ನಮ್ಮಿಬ್ಬರಿಗಿಂತ ಮೊದಲು ಗುಡ್ಡ ಹತ್ತಿತು.
ಉಸಿರು ಹಿಡಿದು ಕಿವಿಗೊಟ್ಟೆವು.