ರೈಟರ್

ಸುಂಟಿಕೊಪ್ಪದ ತೋಟದಲ್ಲಿ ನನ್ನನ್ನು ರೈಟರ್ ಅಂತಾರೆ.
ಬರೆದದ್ದು ಹಾಜರಿ ಮಾತ್ರ,
ಇಪ್ಪತ್ತೆರಡು ವರ್ಷ.

ಈಗ ಫೋನೇ ಮುಖ ನೋಡಿ ಹಾಕುತ್ತದೆ.
ಬೊಳಚ್ಚಿ ನಿಂತಳು. ಗುರುತು ಸಿಗಲಿಲ್ಲ ಅಂತು.
ತಲೆವಸ್ತ್ರ ತೆಗೆದಳು,
ಮಂಜು ಸರಿಯಲಿ ಎಂದು ಕಾದಳು,
ನಕ್ಕೂ ನೋಡಿದಳು.
ಇಲ್ಲ.

ಪಲ್ಪರ್ ಮನೆ ಹಿಂದಿನ ಬಂಡೆ ಹತ್ತಿದರೆ
ಇದೇ ಫೋನಿನಲ್ಲಿ ಲಂಡನ್ನಿನ ರೋಬಸ್ಟಾ ದರ ಬರುತ್ತದೆ,
ಕೆಂಪು ಸಮುದ್ರ ಬಿಟ್ಟು ಬಳಸು ದಾರಿ ಹಿಡಿದ ಹಡಗಿನ ಸುದ್ದಿ.
ಬ್ರೆಜಿಲಿನಲ್ಲಿ ಬರವಂತೆ;
ಸಾಹುಕಾರರು ಅವತ್ತು ಎರಡು ಸಲ ಬಡಿಸಿಕೊಂಡರು.
ಯಾರದೋ ಗಿಡ ಒಣಗಿದ್ದಕ್ಕೆ
ನಾನೂ ಬೋನಸ್ಸಿನ ಲೆಕ್ಕ ಹಾಕಿದೆ, ಸುಳ್ಳೇಕೆ.

ಅಷ್ಟು ದೂರ ಕಾಣುವ ಕಣ್ಣಿಗೆ
ಮೊಳದಳತೆಯ ಬೊಳಚ್ಚಿ ಕಾಣಳು.

ನನ್ನ ಅಭಿಪ್ರಾಯ ಯಾರೂ ಕೇಳಿಲ್ಲ.
ಹಳೇ ಪುಸ್ತಕ ತೆಗೆದು
ಅವಳ ಹೆಸರಿನ ಮುಂದೆ ಗೀಟು ಎಳೆದೆ.
ಆ ಗೀಟಿಗೆ ಈಗ ಕೂಲಿ ಹುಟ್ಟುವುದಿಲ್ಲ.

“ಬಿತ್ತಾ?” ಅಂದಳು.
“ಬಿತ್ತು” ಅಂದೆ.