ಮೂವತ್ತೊಂದು ಮಿಲಿಮೀಟರು

ಎರಡು ಸಲ ಬಿತ್ತು. ಎರಡೂ ಸಲ
ನಮ್ಮ ಕಡೆಗೇ ತಿರುಗಿ ಬರುವಾಗ ಬಿತ್ತು.
ಹೋಗುವಾಗ ಏನೂ ತಕರಾರಿಲ್ಲ:
ಗೌಡನ ಕೆರೆಯ ಅಂಗಳ ದಾಟಿ, ಜಾಲಿಯ ತಲೆ ಸವರಿ,
ಪಡುವಣದ ಮಸುಕು ನಂದಿಬೆಟ್ಟದತ್ತ
ಹೇಳಿದ್ದು ಕೇಳಿಕೊಂಡೇ ಹೋಯಿತು.
ಮನೆ ಕಡೆ ಮುಖ ಮಾಡಿದ್ದೇ
ಕಿವುಡಾಯಿತು.

ಅಂಗಡಿಯ ಶಟರು ಅರ್ಧ ಇಳಿಸಿ
ಮೊಬೈಲು ರಿಪೇರಿಯ ದೀಪದಡಿ ಹೊಟ್ಟೆ ಬಿಚ್ಚಿ ನೋಡಿದೆ.
ರಿಸೀವರಿನ ಎರಡೂ ಮೀಸೆಗಳನ್ನು ನಾನೇ,
ಚೊಕ್ಕಟವಾಗಿರಲಿ ಅಂತ,
ಒಂದರ ಮೇಲೊಂದು ಮಡಿಸಿ
ಬ್ಯಾಟರಿಗೂ ಕಾರ್ಬನ್ ಕಡ್ಡಿಗೂ ನಡುವೆ ತುರುಕಿದ್ದೆ,
ಊರಿಗೆ ಹೊರಟವರು ಪೆಟ್ಟಿಗೆಯ ಮೇಲೆ ಕೂತು ಮುಚ್ಚುವ ಹಾಗೆ.

ಷಫೀವುಲ್ಲಾ ಸಾಬರು ಟೀ ಹಿಡಿದು ಬಂದರು.
ಮೂವತ್ತೆಂಟು ವರ್ಷ ಗೂಡು ಬಿಚ್ಚಿದ ಕೈ.
ಕುದಿನೀರಲ್ಲಿ ಬೆಂದು ಬೆಂದು ಬೆರಳ ಗೆರೆ ಅಳಿಸಿ
ರೇಷನ್ ಅಂಗಡಿಯ ಯಂತ್ರ ಅವರನ್ನು ಯಾರೆಂದೇ ತಿಳಿಯುವುದಿಲ್ಲ.
ಎಡಗಿವಿಯನ್ನು ಚರಕದ ಮೋಟಾರು ತಿಂದಿದೆ.
ಆ ಕಡೆ ಕೂತು ಮಾತಾಡಿದರೆ
ಇಡೀ ಮೈ ತಿರುಗಿಸಿ "ಈಗ ಹೇಳಿ ಮೇಡಮ್ಮ" ಅನ್ನುತ್ತಾರೆ.

ಬಲಕ್ಕೆ ಕೂತು ಹೇಳಿದೆ:
ತಂತಿ ಪೂರ್ತಿ ಕಿವಿಯಲ್ಲ ಸಾಬ್ರೇ, ಹೊದಿಕೆಯಿರುವಷ್ಟೂ ಬರೀ ದಾರಿ.
ತುದಿಯಲ್ಲಿ ಸಿಪ್ಪೆ ಸುಲಿದ ಮೂವತ್ತೊಂದು ಮಿಲಿಮೀಟರು,
ಅಷ್ಟೇ ಕಿವಿ.
ಅದೂ ಮೊನೆಯಿಂದ ಕೇಳುವುದಿಲ್ಲ, ಪಕ್ಕೆಯಿಂದ ಕೇಳುತ್ತದೆ.
ಯಾರ ಕಡೆಗೆ ನೆಟ್ಟಗೆ ಬೊಟ್ಟು ಮಾಡಿತೋ
ಅವರ ಮಾತೇ ಅದಕ್ಕೆ ಮುಟ್ಟುವುದಿಲ್ಲ.
ಬರುವಾಗಂತೂ ಬ್ಯಾಟರಿಯ ಮರೆ ಬೇರೆ.

"ನನ್ನ ಹೆಂಡತಿದೂ ಇದೇ ದೂರು," ಅಂದರು.
"ಎದುರಿಗೆ ನಿಂತು ಕೂಗಿದರೆ ಕೇಳಲ್ಲ,
ಅಡುಗೆಮನೇಲಿ ಗೊಣಗಿದ್ದು ಮಾತ್ರ ಕೇಳುತ್ತೆ ನಿಮಗೆ, ಅಂತಾಳೆ."
ಲೋಟ ಖಾಲಿಯಾದ ಮೇಲೆ, ಬಹಳ ಹೊತ್ತು ಬಿಟ್ಟು:
"ನಾನಾದರೆ ತಿರುಗಿ ಕೂರ್ತೀನಿ.
ಇದು ಗಾಳೀಲಿ ಹೆಂಗೆ ತಿರುಗಿ ಕೂರುತ್ತೆ?"

ಅದಕ್ಕೇ ಎರಡು.
ಒಂದು ಮಲಗಿದರೆ ಇನ್ನೊಂದು ನಿಂತಿರಬೇಕು,
ಬಡಗಿಯ ಮೂಲೆಮಟ್ಟದ ಹಾಗೆ.

ಚಿಮಟ ಕೊಟ್ಟರೆ ಬೇಡ ಅಂದರು.
ಗೂಡಿನ ಜುಂಗು ಸರಿಸಿ ಎಳೆಯ ತುದಿ ಹುಡುಕುವ ಬೆರಳು
ಗೆರೆಯಿಲ್ಲದ ಬೆರಳು
ನನ್ನ ಕಸೂತಿಯನ್ನೆಲ್ಲ ಬಿಡಿಸಿ
ಎರಡು ಮೀಸೆ ಹೊರಗೆ ತಂದಿತು.
ಎಳನೀರಿನ ಸ್ಟ್ರಾ ತುಂಡರಿಸಿ, ಒಂದನ್ನು ರೆಕ್ಕೆಯ ಉದ್ದಕ್ಕೆ ಮಲಗಿಸಿದೆವು;
ಒಂದು ಬೆನ್ನಿನ ತೂತಿನಿಂದ ನೇರ ಮೇಲಕ್ಕೆ.
ಬಳುಕಲಿ, ಮಡಿಕೆ ಬೀಳಬಾರದು.
"ಎಳೆ ಹರಿದರೆ ಗಂಟು ಹಾಕ್ತೀವಿ ನಾವು. ಇದಕ್ಕೆ?"
ಇದಕ್ಕೆ ಗಂಟಿಲ್ಲ, ಅಂದೆ.

ಭಾನುವಾರ ಸಂಜೆ, ಕೆರೆಯಂಗಳ.
ಹಾರಿಸುವ ಮೊದಲು ರಿಮೋಟಿನ ದನಿ ತಗ್ಗಿಸಿ
ದೂರ ನಡೆದು ನೋಡಬೇಕು.
ಸಾಬರು ವಿಮಾನವನ್ನು ಎದೆಗವಚಿ ನಿಂತರು.
ಎದೆಗಲ್ಲ, ಮೈ ಅಡ್ಡ ಬರುತ್ತೆ, ತಲೆಯ ಮೇಲೆ ಹಿಡೀರಿ;
ರೆಕ್ಕೆಯಂಚು ಅಲುಗಿದರೆ ಒಮ್ಮೆ ಎತ್ತಿ ಇಳಿಸಿ.

ಹೆಜ್ಜೆ ಎಣಿಸುತ್ತ ಹಿಂದಕ್ಕೆ ನಡೆದೆ.
ಮೂವತ್ತು. ಮೂಗು ನನ್ನ ಕಡೆ. ಎತ್ತಿದರು.
ಬಾಲ. ಎತ್ತಿದರು.
ಹೊಟ್ಟೆ ತೋರಿಸಿ, ಬೆನ್ನು ತೋರಿಸಿ,
ಕೂಸಿಗೆ ಎಣ್ಣೆ ಹಚ್ಚುವಾಗ ಹೊರಳಿಸುವಂತೆ ಹೊರಳಿಸಿದರು.
ಐವತ್ತು. ನಡುವೆ ಎಮ್ಮೆಯೊಂದು ಅವಸರವಿಲ್ಲದೆ ದಾಟಿತು.
ಎಪ್ಪತ್ತು.

ಗಾಳಿ ಎದ್ದಿತ್ತು, ಬೆಳಕು ಹೋಗುತ್ತಿತ್ತು,
ಈವತ್ತು ಹಾರಿಸುವ ಹಾಗಿರಲಿಲ್ಲ.
"ಸಾಕು ಸಾಬ್ರೇ, ಇಳಿಸಿ" ಕೂಗಿದೆ.
ಕೇಳಲಿಲ್ಲ. ಎಡಗಿವಿ ಇತ್ತ ಇತ್ತು.
ಇನ್ನೊಮ್ಮೆ ಕೂಗಿದೆ.
ಬೆರಳು ಕಡ್ಡಿಯ ಮೇಲೇ ಇತ್ತು,
ಸುಮ್ಮನೆ ತುಸು ತಳ್ಳಿದೆ.

ದೂರದಲ್ಲಿ ಥರ್ಮಾಕೋಲಿನ ಆ ಬಿಳಿ
ಒಮ್ಮೆ ಮೇಲೆದ್ದು ಇಳಿಯಿತು.